ಪೈಲಟ್‌ಗಳ ಊಟ, ನಿದ್ದೆ, ಕ್ಯಾಬು: ತೊಂಬತ್ತು ವರ್ಷದ ಕಥೆ



ಪುಣೆ, ಹೈದರಾಬಾದ್, ದಿಲ್ಲಿ ಕಡೆಯಿಂದ ಊರಿಗೆ ಹೋಗೋ ನಮಗೆಲ್ಲ ಬೆಳಗಿನ ಆರು ಗಂಟೆ ಫ್ಲೈಟ್ ಚೆನ್ನಾಗಿ ಗೊತ್ತು. ಒಂದು ದಿನ ರಜೆ ಉಳಿಯುತ್ತೆ, ತಿಂಡಿ ಹೊತ್ತಿಗೆ ಮನೆ ಸೇರಬಹುದು. ಅದಕ್ಕಾಗಿ ರಾತ್ರಿ ಎರಡೂವರೆಗೆ ಅಲಾರಂ ಇಟ್ಟು, ಮೂರು ಗಂಟೆಗೆ ಕ್ಯಾಬ್ ಹತ್ತಿ, ಸೆಕ್ಯುರಿಟಿ ಮುಗಿಸಿ, ಸೀಟಿಗೆ ಒರಗಿದ ತಕ್ಷಣ ನಿದ್ದೆಗೆ ಜಾರ್ತೀವಿ. ಮುಂದಿನ ಬಾಗಿಲ ಆಚೆ ಕೂತಿರೋ ಇಬ್ಬರು ಕೂಡ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಎದ್ದು, ಅದೇ ಥರದ ಕ್ಯಾಬ್‌ನಲ್ಲಿ ಬಂದವರು. ನಾವು ಮಲಗಬಹುದು, ಅವರು ಮಲಗೋ ಹಾಗಿಲ್ಲ. ವ್ಯತ್ಯಾಸ ಅಷ್ಟೇ.

ಇವತ್ತು ಮಾತಾಡೋದು ಅವರ ಬಗ್ಗೆ. ಡ್ಯೂಟಿಯಲ್ಲಿರೋ ಪೈಲಟ್ ಎಲ್ಲಿ ಮಲಗ್ತಾರೆ, ಏನು ತಿಂತಾರೆ, ಹೋಟೆಲ್‌ನಿಂದ ಏರ್‌ಪೋರ್ಟಿಗೆ ಹೇಗೆ ಬರ್ತಾರೆ? ಕೇಳೋಕೆ ಸಣ್ಣ ವಿಷಯ, ಆಫೀಸಿನ ಅಡ್ಮಿನ್ ಡಿಪಾರ್ಟ್‌ಮೆಂಟ್ ನೋಡ್ಕೋಬೇಕಾದ ವಿಷಯ ಅನಿಸಬಹುದು. ಆದರೆ ವಿಮಾನಯಾನದ ಚರಿತ್ರೆ ನೋಡಿದರೆ ಬೇರೆಯೇ ಕಾಣುತ್ತೆ. ಈ ಮೂರನ್ನೂ ಎಂಜಿನ್ನು, ಟೈರು, ಬ್ರೇಕಿನ ಥರ ಸುರಕ್ಷತೆಯ ಭಾಗ ಅಂತ ಒಪ್ಪಿಕೊಳ್ಳೋಕೆ ಜಗತ್ತಿಗೆ ಬಹಳ ವರ್ಷ ಹಿಡಿಯಿತು. ಅದಕ್ಕೆ ತೆತ್ತ ಬೆಲೆಯಲ್ಲಿ ನಮ್ಮ ಮಂಗಳೂರಿನ ಪಾಲೂ ಇದೆ.

ಬಳ್ಳಾರಿಯಲ್ಲಿ ಒಂದು ರಾತ್ರಿ

ಭಾರತದ ಕಥೆ 1932ರ ಅಕ್ಟೋಬರ್ 15ರಂದು ಶುರುವಾಗುತ್ತೆ. ಅವತ್ತು ಬೆಳಿಗ್ಗೆ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಒಂದು ಪುಟ್ಟ ಪಸ್ ಮಾತ್ ವಿಮಾನದಲ್ಲಿ ಅಂಚೆ ಚೀಲ ಹೇರಿಕೊಂಡು ಹೊರಟರು. ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲು ಬಂದದ್ದು ಎತ್ತಿನ ಗಾಡಿಯಲ್ಲಿ, ಡಬ್ಬಗಳಲ್ಲಿ. ಮಧ್ಯಾಹ್ನ ಮುಂಬಯಿಯ ಜುಹು ತಲುಪಿದರು. ಅಲ್ಲಿಂದ ಮುಂದಕ್ಕೆ ಅಂಚೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಅವರು ಹೋಗಬೇಕಾಗಿದ್ದದ್ದು ಮದ್ರಾಸಿಗೆ, ದಾರಿಯಲ್ಲಿ ನಿಲುಗಡೆ ಬಳ್ಳಾರಿ.

ಹೌದು, ನಮ್ಮ ಬಳ್ಳಾರಿ. ಆಗ ಅದು ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ರಾತ್ರಿ ಹಾರಾಟಕ್ಕೆ ಬೇಕಾದ ದೀಪ, ರೇಡಿಯೋ ಯಾವುದೂ ದಾರಿಯಲ್ಲಿ ಇರಲಿಲ್ಲ. ಕತ್ತಲಾದ ಮೇಲೆ ಹಾರೋ ಪ್ರಶ್ನೆಯೇ ಇಲ್ಲ. ಹಾಗಾಗಿ ವಿನ್ಸೆಂಟ್ ಬಳ್ಳಾರಿಯಲ್ಲಿ ರಾತ್ರಿ ತಂಗಿ, ಮರುದಿನ ಮದ್ರಾಸಿಗೆ ಹೋದರು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ, ಏರ್ ಇಂಡಿಯಾದ ಚರಿತ್ರೆಯ ಮೊದಲ 'ಲೇಓವರ್' ಆದದ್ದು ಕನ್ನಡದ ನೆಲದಲ್ಲಿ.

ಆ ಕಾಲದ ಒಂದು ಅನುಕೂಲ ಗಮನಿಸಿ. ಸೂರ್ಯ ಮುಳುಗಿದರೆ ಕೆಲಸ ಮುಗೀತು. ಪೈಲಟ್‌ಗೆ ವಿಶ್ರಾಂತಿ ಕೊಡಿ ಅಂತ ಯಾರೂ ಕಾನೂನು ಬರೆಯಬೇಕಾಗಿರಲಿಲ್ಲ, ಕತ್ತಲೆಯೇ ಆ ಕಾನೂನಾಗಿತ್ತು. ಮಳೆಗಾಲ ಬಂದರೆ ಜುಹುವಿನ ಬಯಲು ಕೆಸರು ಗದ್ದೆಯಾಗುತ್ತಿತ್ತು, ಆಗ ಇಡೀ ಕಾರುಬಾರು ಪುಣೆಯ ಯರವಾಡಕ್ಕೆ ಸ್ಥಳಾಂತರ. ಪುಣೆಯಲ್ಲಿರೋ ಕೇಳುಗರಿಗೆ ಇದು ಗೊತ್ತಿರಲಿ.

ಮರಳುಗಾಡಿನ ಕೋಟೆ, ಸಮುದ್ರದ ನಡುವಿನ ಹೋಟೆಲ್

ಅದೇ ಹೊತ್ತಿಗೆ ದೊಡ್ಡ ಕಂಪನಿಗಳು ಏನು ಮಾಡ್ತಿದ್ದವು? ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ 1929ರಲ್ಲಿ ಲಂಡನ್ನಿಗೂ ಕರಾಚಿಗೂ ನಡುವೆ ಸೇವೆ ಶುರು ಮಾಡಿತ್ತು. ಮಧ್ಯೆ ಒಂದಷ್ಟು ದೂರ ರೈಲಿನಲ್ಲೂ ಹೋಗಬೇಕಿತ್ತು, ಒಟ್ಟು ಸುಮಾರು ಒಂದು ವಾರದ ಪ್ರಯಾಣ. ಅಂದರೆ ದಾರಿಯಲ್ಲಿ ಪ್ರತಿ ರಾತ್ರಿ ಪ್ರಯಾಣಿಕರಿಗೂ ಪೈಲಟ್‌ಗಳಿಗೂ ಮಲಗೋಕೆ ಒಂದು ಜಾಗ ಬೇಕು. ಆದರೆ ದಾರಿ ಇದ್ದದ್ದು ಇರಾಕಿನ ಮರಳುಗಾಡು, ಅರೇಬಿಯಾದ ಕರಾವಳಿ. ಅಲ್ಲಿ ಹೋಟೆಲ್ ಎಲ್ಲಿಂದ ಬರಬೇಕು?

ಅವರೇ ಕಟ್ಟಿಸಿದರು. ಶಾರ್ಜಾದಲ್ಲಿ 1932ರಲ್ಲಿ ಅಲ್ಲಿನ ಶೇಖ್ ಜೊತೆ ಒಪ್ಪಂದ ಮಾಡಿಕೊಂಡು ಕೋಟೆಯಂಥ ಒಂದು ತಂಗುದಾಣ ಎದ್ದಿತು. ದಪ್ಪ ಗೋಡೆ, ಬಂದೂಕು ಹಿಡಿದ ಕಾವಲುಗಾರರು, ಒಳಗೆ ಹಾಸಿಗೆ, ಬಿಸಿ ಊಟ. ಆ ಕಟ್ಟಡ ಇವತ್ತೂ ಇದೆ, ಅಲ್ ಮಹಟ್ಟಾ ಅನ್ನೋ ಹೆಸರಿನ ಮ್ಯೂಸಿಯಂ ಆಗಿದೆ. ಶಾರ್ಜಾದಲ್ಲಿ ನೆಂಟರಿದ್ದರೆ ಹೋದಾಗ ನೋಡಿಬನ್ನಿ.

ಅಮೆರಿಕದ ಪ್ಯಾನ್ ಆಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1935ರ ನವೆಂಬರಿನಲ್ಲಿ ಅವರ 'ಚೈನಾ ಕ್ಲಿಪ್ಪರ್' ಸ್ಯಾನ್ ಫ್ರಾನ್ಸಿಸ್ಕೋದಿಂದ ಮನಿಲಾಕ್ಕೆ ಹಾರಿತು. ಪೆಸಿಫಿಕ್ ಸಮುದ್ರವನ್ನ ಒಂದೇ ಉಸಿರಿನಲ್ಲಿ ದಾಟೋ ಶಕ್ತಿ ಆಗಿನ ವಿಮಾನಕ್ಕಿರಲಿಲ್ಲ. ಹೊನೊಲುಲು, ಮಿಡ್‌ವೇ, ವೇಕ್, ಗುವಾಮ್ ಅಂತ ದ್ವೀಪದಿಂದ ದ್ವೀಪಕ್ಕೆ ಹಾರಬೇಕು. ಇದರಲ್ಲಿ ವೇಕ್ ಅಂದರೆ ಜನವಸತಿಯೇ ಇಲ್ಲದ ಹವಳದ ದಿಬ್ಬ. ಪ್ಯಾನ್ ಆಮ್ 'ನಾರ್ತ್ ಹೇವನ್' ಅನ್ನೋ ಹಡಗಿನಲ್ಲಿ ಕಟ್ಟಡದ ಸಾಮಾನು, ಕೆಲಸಗಾರರು, ದಿನಸಿ ಎಲ್ಲ ಸಾಗಿಸಿ ಮಿಡ್‌ವೇ ಮತ್ತು ವೇಕ್‌ನಲ್ಲಿ ನೆಲೆಗಳನ್ನು ಕಟ್ಟಿತು, ಆಮೇಲೆ ಹೋಟೆಲ್‌ಗಳೂ ಬಂದವು. ವೇಕ್‌ನಲ್ಲಿ ತರಕಾರಿ ಬೆಳೆಯೋ ಮಣ್ಣಿರಲಿಲ್ಲ ಅಂತ ನೀರಿನಲ್ಲೇ ತರಕಾರಿ ಬೆಳೆಸೋ ಪ್ರಯೋಗ ಕೂಡ ಮಾಡಿದರು. ಇವತ್ತು ಬೆಂಗಳೂರಿನ ಟೆರೇಸ್‌ಗಳ ಮೇಲೆ ಹೈಡ್ರೋಪಾನಿಕ್ಸ್ ಅಂತ ಮಾಡ್ತಾರಲ್ಲ, ಅದೇ.

ಮುಂದೆ 1946ರಲ್ಲಿ ಪ್ಯಾನ್ ಆಮ್ ಒಂದು ಹೋಟೆಲ್ ಕಂಪನಿಯನ್ನೇ ಹುಟ್ಟುಹಾಕಿತು. ಅದರ ಹೆಸರು ಇಂಟರ್‌ಕಾಂಟಿನೆಂಟಲ್. ನಮ್ಮಲ್ಲೂ ಆದದ್ದು ಅದೇ. 1971ರಲ್ಲಿ ಏರ್ ಇಂಡಿಯಾದ ಕೆಳಗೆ ಹೋಟೆಲ್ ಕಾರ್ಪೊರೇಷನ್ ಆಫ್ ಇಂಡಿಯಾ ಹುಟ್ಟಿತು. ಮುಂಬಯಿ, ದಿಲ್ಲಿ ಏರ್‌ಪೋರ್ಟ್ ಪಕ್ಕದ ಸೆಂಟಾರ್ ಹೋಟೆಲ್‌ಗಳು, ವಿಮಾನಕ್ಕೆ ಊಟ ಕಳಿಸುತ್ತಿದ್ದ 'ಶೆಫೇರ್' ಅಡುಗೆಮನೆ ಎಲ್ಲ ಅದರದ್ದೇ. ಸೆಂಟಾರ್ ಅನ್ನೋದು ಏರ್ ಇಂಡಿಯಾದ ಹಳೆಯ ಲಾಂಛನ, ಬಿಲ್ಲು ಹಿಡಿದ ಅರ್ಧ ಕುದುರೆ ಅರ್ಧ ಮನುಷ್ಯ.

ಗಂಟೆಯ ಲೆಕ್ಕ ಶುರುವಾದದ್ದು

ಹಾಸಿಗೆ ಕೊಟ್ಟರೆ ಸಾಕಾ? ಮಲಗೋಕೆ ಸಮಯ ಬೇಡ್ವಾ? ಈ ಪ್ರಶ್ನೆ ಮೊದಲು ಜೋರಾಗಿ ಕೇಳಿಬಂದದ್ದು ಅಮೆರಿಕದಲ್ಲಿ. ಅಲ್ಲಿ ರಾತ್ರಿ ಹಾರಾಟಕ್ಕೆ ದಾರಿಯುದ್ದಕ್ಕೂ ದೀಪಸ್ತಂಭ ಹಾಕಿದ್ದರು. ಕತ್ತಲೆಯ ಕಾನೂನು ಅಲ್ಲಿಗೆ ಮುಗೀತು. ಇನ್ನು ಪೈಲಟ್ ಎಷ್ಟು ಹೊತ್ತು ಬೇಕಾದರೂ ಹಾರಬಹುದು, ಅಂದರೆ ಕಂಪನಿ ಎಷ್ಟು ಹೊತ್ತು ಬೇಕಾದರೂ ಹಾರಿಸಬಹುದು.

1931ರಲ್ಲಿ ಡೇವ್ ಬೆಂಕಿ ಅನ್ನೋ ಪೈಲಟ್ ನೇತೃತ್ವದಲ್ಲಿ ಅಲ್ಲಿನ ಪೈಲಟ್‌ಗಳ ಸಂಘ ಕಟ್ಟಿಕೊಂಡಿತು. ಮೂರು ವರ್ಷ ಜಗ್ಗಾಡಿದ ಮೇಲೆ, 1934ರಲ್ಲಿ ಅಲ್ಲಿನ ಕಾರ್ಮಿಕ ಮಂಡಳಿ ಒಂದು ತೀರ್ಪು ಕೊಟ್ಟಿತು. 'ಡಿಸಿಷನ್ 83' ಅಂತ ಅದರ ಹೆಸರು. ತಿಂಗಳಿಗೆ 85 ಗಂಟೆಗಿಂತ ಜಾಸ್ತಿ ಹಾರಾಟ ಬೇಡ ಅಂತ ಅದರ ತಿರುಳು.

ಈ ಜಗ್ಗಾಟದ ಸ್ವರೂಪ ಮನಸ್ಸಿನಲ್ಲಿಟ್ಟುಕೊಳ್ಳಿ. ಒಂದು ಕಡೆ ಆಯಾಸದ ಲೆಕ್ಕ, ಇನ್ನೊಂದು ಕಡೆ ಖರ್ಚಿನ ಲೆಕ್ಕ. ಮುಂದೆ ಬರೋ ಪ್ರತಿ ಘಟ್ಟದಲ್ಲೂ ಇವೆರಡೇ ಎದುರುಬದುರು ನಿಲ್ತವೆ.

ಒಂದು ಆಮ್ಲೆಟ್

ಈಗ ಊಟದ ವಿಷಯಕ್ಕೆ ಬರೋಣ. ಪೈಲಟ್ ಮತ್ತು ಕೋ-ಪೈಲಟ್ ಒಂದೇ ಊಟ ಮಾಡಲ್ಲ ಅಂತ ನೀವು ಕೇಳಿರ್ತೀರಿ. ಈ ಭಯ ಮೊದಲು ಜನಪ್ರಿಯವಾದದ್ದು ಒಂದು ಕಟ್ಟುಕಥೆಯಿಂದ. 1956ರಲ್ಲಿ ಕೆನಡಾದ ಟೀವಿಯಲ್ಲಿ ಆರ್ಥರ್ ಹೇಲಿ ಬರೆದ 'ಫ್ಲೈಟ್ ಇಂಟು ಡೇಂಜರ್' ಅನ್ನೋ ನಾಟಕ ಬಂತು. ವಿಮಾನದ ಮೀನಿನ ಊಟ ಕೆಟ್ಟು, ಇಬ್ಬರು ಪೈಲಟ್‌ಗಳೂ ಮಲಗಿಬಿಡ್ತಾರೆ. ಆಮೇಲೆ ಅದೇ ಕಥೆ ಸಿನಿಮಾ ಆಯ್ತು, 1980ರಲ್ಲಿ 'ಏರ್‌ಪ್ಲೇನ್!' ಅನ್ನೋ ತಮಾಷೆ ಸಿನಿಮಾ ಕೂಡ ಆಯ್ತು.

ನಿಜ ಘಟನೆ ನಡೆದದ್ದು ನಾಟಕ ಬಂದು ಹತ್ತೊಂಬತ್ತು ವರ್ಷದ ಮೇಲೆ. 1975ರ ಫೆಬ್ರವರಿ, ಜಪಾನ್ ಏರ್‌ಲೈನ್ಸ್‌ನ ಜಂಬೋ ಜೆಟ್, ಟೋಕಿಯೋದಿಂದ ಪ್ಯಾರಿಸ್‌ಗೆ. ಅಲಾಸ್ಕಾದ ಆಂಕರೇಜ್‌ನಲ್ಲಿ ಇಂಧನ, ಊಟ ತುಂಬಿಕೊಂಡು, ಸಿಬ್ಬಂದಿ ಬದಲಾಯಿಸಿಕೊಂಡು ಹೊರಟಿತು. ಕೋಪನ್‌ಹೇಗನ್ ಹತ್ತಿರ ಬರುವಾಗ ಎಲ್ಲರಿಗೂ ಬೆಳಗಿನ ತಿಂಡಿ ಬಡಿಸಿದರು, ಹ್ಯಾಮ್ ಹಾಕಿದ ಆಮ್ಲೆಟ್. ಸ್ವಲ್ಪ ಹೊತ್ತಿಗೆ ಜನ ವಾಂತಿ ಶುರು ಮಾಡಿದರು. ಒಟ್ಟು 197 ಜನಕ್ಕೆ ಕಾಯಿಲೆ, ಅವರಲ್ಲಿ 140ಕ್ಕಿಂತ ಹೆಚ್ಚು ಜನ ಆಸ್ಪತ್ರೆ ಸೇರಿದರು.

ತನಿಖೆಯಲ್ಲಿ ಗೊತ್ತಾದದ್ದು ಇಷ್ಟು. ಆಂಕರೇಜ್‌ನ ಅಡುಗೆಮನೆಯಲ್ಲಿ ಹ್ಯಾಮ್ ಮುಟ್ಟಿದ ಅಡುಗೆಯವರೊಬ್ಬರ ಬೆರಳಿನಲ್ಲಿ ಸೋಂಕಾದ ಗಾಯ ಇತ್ತು. ಅದರಿಂದ ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾ ಊಟಕ್ಕೆ ಸೇರಿತು. ಊಟ ಗಂಟೆಗಟ್ಟಲೆ ಸರಿಯಾದ ತಂಪಿಲ್ಲದೆ ಇತ್ತು. ಈ ಬ್ಯಾಕ್ಟೀರಿಯಾ ಉಗುಳಿದ ವಿಷ ಬಿಸಿ ಮಾಡಿದರೂ ಹೋಗಲ್ಲ. ವಿಮಾನದ ಓವನ್‌ನಲ್ಲಿ ಬಿಸಿ ಮಾಡಿ ಬಡಿಸಿದರೂ ಪ್ರಯೋಜನವಾಗಲಿಲ್ಲ.

ಪೈಲಟ್‌ಗಳಿಗೆ ಏನೂ ಆಗಲಿಲ್ಲ, ವಿಮಾನ ಕ್ಷೇಮವಾಗಿ ಇಳಿಯಿತು. ಅವರಿಗೆ ಬೇರೆ ಊಟ ಕೊಡಬೇಕು ಅಂತ ಯಾರೋ ಮುಂದಾಲೋಚನೆ ಮಾಡಿದ್ದರಿಂದ ಅಲ್ಲ. ಅವರು ಆಂಕರೇಜ್‌ನಲ್ಲಿ ಹತ್ತಿದವರು, ಅವರ ದೇಹದ ಗಡಿಯಾರಕ್ಕೆ ಅದು ರಾತ್ರಿ ಊಟದ ಹೊತ್ತು. ಪ್ರಯಾಣಿಕರು ಆಮ್ಲೆಟ್ ತಿಂದಾಗ ಅವರು ಸ್ಟೇಕ್ ತಿಂದಿದ್ದರು. ನೂರಾರು ಜನರ ಜೀವ ಉಳಿದದ್ದು ಆ ಒಂದು ಕಾಕತಾಳೀಯದಿಂದ. ಊಟದ ಉಸ್ತುವಾರಿ ಹೊತ್ತಿದ್ದ ಕಂಪನಿಯ ಅಧಿಕಾರಿ ಈ ಸುದ್ದಿ ಕೇಳಿ ಆತ್ಮಹತ್ಯೆ ಮಾಡಿಕೊಂಡರು. ಸತ್ತದ್ದು ಅವರೊಬ್ಬರೇ.

ಇದಾದ ಮೇಲೆ ಪೈಲಟ್‌ಗಳಿಗೆ ಬೇರೆ ಬೇರೆ ಊಟ ಅನ್ನೋ ಪದ್ಧತಿಗೆ ಗಟ್ಟಿ ಆಧಾರ ಸಿಕ್ಕಿತು. ಇದನ್ನ ಜಗತ್ತಿನ ಎಲ್ಲ ಕಡೆ ಸರಕಾರಿ ಕಾನೂನು ಅಂತ ತಿಳಿಯಬೇಡಿ, ಬಹುಪಾಲು ಇದು ಆಯಾ ಏರ್‌ಲೈನ್‌ನ ಸ್ವಂತ ನಿಯಮ. ಒಬ್ಬರಿಗೆ ಒಂದು ಪದಾರ್ಥ, ಇನ್ನೊಬ್ಬರಿಗೆ ಇನ್ನೊಂದು. ಕೆಲವು ಕಡೆ ಒಬ್ಬರು ತಿಂದು ಸ್ವಲ್ಪ ಹೊತ್ತಾದ ಮೇಲೆ ಇನ್ನೊಬ್ಬರು. ನಾವೆಲ್ಲ ಡಿಸಾಸ್ಟರ್ ರಿಕವರಿ ಅಂತ ಒಂದು ಡೇಟಾಸೆಂಟರ್ ಮುಂಬಯಿಯಲ್ಲಿ, ಇನ್ನೊಂದು ಹೈದರಾಬಾದಿನಲ್ಲಿ ಇಡ್ತೀವಲ್ಲ, ತತ್ವ ಅದೇ. ಎರಡೂ ಸರ್ವರ್ ಒಂದೇ ಪ್ಲಗ್ ಪಾಯಿಂಟಿಗೆ ಚುಚ್ಚಬಾರದು.

ತಟ್ಟೆ ಎಲ್ಲಿಡೋದು?

ಊಟ ಬಂತು. ತಿನ್ನೋದು ಯಾವಾಗ, ಎಲ್ಲಿ? ಇದಕ್ಕೂ ಒಂದು ಚರಿತ್ರೆ ಇದೆ. 1974ರಲ್ಲಿ ಅಮೆರಿಕದ ಶಾರ್ಲಟ್‌ನಲ್ಲಿ ಇಳೀತಿದ್ದ ಒಂದು ವಿಮಾನ ಬಿತ್ತು. ಕಡೇ ನಿಮಿಷಗಳಲ್ಲಿ ಪೈಲಟ್‌ಗಳು ರಾಜಕೀಯ, ಕಾರು ಅಂತ ಹರಟೆ ಹೊಡೀತಿದ್ದರು ಅಂತ ಧ್ವನಿಮುದ್ರಣದಿಂದ ಗೊತ್ತಾಯ್ತು. ಅದಾದ ಮೇಲೆ 1981ರಲ್ಲಿ ಅಮೆರಿಕ ಒಂದು ನಿಯಮ ತಂದಿತು. ಹತ್ತು ಸಾವಿರ ಅಡಿಯ ಕೆಳಗೆ ಹಾರಾಟಕ್ಕೆ ಸಂಬಂಧ ಇಲ್ಲದ ಯಾವ ಕೆಲಸವೂ ಬೇಡ. ಆ ನಿಯಮದಲ್ಲಿ ಉದಾಹರಣೆಯಾಗಿ ಕೊಟ್ಟಿರೋದರಲ್ಲಿ ಊಟ ಮಾಡೋದೂ ಸೇರಿದೆ. ಅಂದರೆ ಬೆಂಗಳೂರು-ಹೈದರಾಬಾದಿನಂಥ ಸಣ್ಣ ಹಾರಾಟದಲ್ಲಿ ಏರೋದು, ಇಳಿಯೋದು ಕಳೆದರೆ ತಿನ್ನೋಕೆ ಸಿಗೋದು ಕೆಲವೇ ನಿಮಿಷ. ದಿನಕ್ಕೆ ನಾಲ್ಕು ಇಂಥ ಹಾರಾಟ ಇದ್ದರೆ ಊಟ ಅನ್ನೋದು ಎರಡು ತುತ್ತು ಈಗ, ಎರಡು ತುತ್ತು ಆಮೇಲೆ.

ತಟ್ಟೆ ಇಡೋ ಜಾಗದ ವಿಷಯದಲ್ಲಿ ಏರ್‌ಬಸ್ ಪೈಲಟ್‌ಗಳು ಪುಣ್ಯವಂತರು. 1988ರಲ್ಲಿ ಸೇವೆಗೆ ಬಂದ ಎ320 ವಿಮಾನದಲ್ಲಿ ಎದುರಿನ ದೊಡ್ಡ ಹಿಡಿಕೆ ತೆಗೆದು ಪಕ್ಕದಲ್ಲಿ ಸಣ್ಣ ಜಾಯ್‌ಸ್ಟಿಕ್ ಕೊಟ್ಟರು. ಖಾಲಿಯಾದ ಜಾಗದಲ್ಲಿ ಎಳೆದರೆ ಬರೋ ಪುಟ್ಟ ಟೇಬಲ್ ಬಂತು. ಬೋಯಿಂಗ್ 737ರಲ್ಲಿ ಇವತ್ತೂ ಹಿಡಿಕೆ ಎದುರಿಗೇ ಇದೆ, ತಟ್ಟೆ ತೊಡೆ ಮೇಲೆ.

ಕಾಫಿ ಎಲ್ಲಿಡಬೇಕು ಅನ್ನೋದು ಕೂಡ ತಮಾಷೆಯಲ್ಲ. 2019ರಲ್ಲಿ ಫ್ರಾಂಕ್‌ಫರ್ಟ್‌ನಿಂದ ಮೆಕ್ಸಿಕೋದ ಕಡೆ ಹೊರಟಿದ್ದ ಒಂದು ವಿಮಾನದಲ್ಲಿ ಕಾಫಿ ಚೆಲ್ಲಿ, ರೇಡಿಯೋ ಸ್ವಿಚ್ಚುಗಳು ಬಿಸಿಯಾಗಿ ಹೊಗೆ ಬಂದು, ವಿಮಾನ ಐರ್ಲೆಂಡಿನಲ್ಲಿ ಇಳಿಯಬೇಕಾಯ್ತು. ತನಿಖೆಯವರು ಹೇಳಿದ ಒಂದು ಮಾತು: ಕೊಡ್ತಿದ್ದ ಲೋಟದ ಅಳತೆ ಕಪ್ ಹೋಲ್ಡರಿಗೆ ಹೊಂದುತ್ತಿರಲಿಲ್ಲ, ಅದಕ್ಕೇ ಯಾರೂ ಹೋಲ್ಡರ್ ಬಳಸುತ್ತಿರಲಿಲ್ಲ. ನಮ್ಮಲ್ಲಿ 2023ರ ಹೋಳಿ ಹಬ್ಬದ ದಿನ ಒಂದು 737ರಲ್ಲಿ ಕಂಟ್ರೋಲುಗಳ ಮೇಲೆ ಲೋಟ ಇಟ್ಟು, ಪಕ್ಕದಲ್ಲಿ ಗುಜಿಯಾ ತಿಂತಿದ್ದ ಫೋಟೋ ಹರಿದಾಡಿತು, ಆ ಇಬ್ಬರು ಪೈಲಟ್‌ಗಳನ್ನ ಡ್ಯೂಟಿಯಿಂದ ಇಳಿಸಿದರು. ಗುಜಿಯಾ ಅಂದರೆ ನಮ್ಮ ಕರ್ಜಿಕಾಯಿಯ ಅಣ್ಣತಮ್ಮ. ತಿಂದದ್ದು ತಪ್ಪಲ್ಲ, ಇಟ್ಟ ಜಾಗ ತಪ್ಪು.

ಯುರೋಪಿನ ನಿಯಮ ಈ ವಿಷಯದಲ್ಲಿ ನೇರವಾಗಿದೆ. ಡ್ಯೂಟಿ ಆರು ಗಂಟೆ ದಾಟುತ್ತೆ ಅಂದರೆ ಪೈಲಟ್‌ಗೆ ಊಟ, ನೀರಿಗೆ ಅವಕಾಶ ಕೊಡಲೇಬೇಕು, ಯಾಕಂದರೆ ಹಸಿವಿನಿಂದ ಅವರ ಕೆಲಸ ಕೆಡಬಾರದು. ಇದನ್ನ ಅಲ್ಲಿ ಬರೆದಿರೋದು ಆಯಾಸ ತಡೆಯೋ ನಿಯಮಗಳ ಜೊತೆಯಲ್ಲೇ.

ಹೋಟೆಲೇ ಬೇಡ ಅನ್ನೋ ಕಾಲ

2003ರಲ್ಲಿ ಬೆಂಗಳೂರಿನಿಂದ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಹಾರಾಟ ಶುರು ಮಾಡಿತು. ಅದು ದೇಶದ ಮಧ್ಯಮ ವರ್ಗಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಹುಬ್ಬಳ್ಳಿ, ಮಂಗಳೂರಿನವರು ರೈಲಿನ ಸ್ಲೀಪರ್ ಬಿಟ್ಟು ವಿಮಾನ ಹತ್ತುವಂತಾಯ್ತು. ನಾವು ಬೇರೆ ರಾಜ್ಯದಲ್ಲಿ ಕೆಲಸ ಮಾಡುತ್ತಾ ಹಬ್ಬಕ್ಕೆ ಊರಿಗೆ ಹೋಗಿಬರೋದು ಸಾಧ್ಯವಾದದ್ದೇ ಈ ಅಗ್ಗದ ಟಿಕೆಟ್‌ಗಳಿಂದ.

ಅಗ್ಗದ ಟಿಕೆಟಿನ ಲೆಕ್ಕ ಹೇಗೆ? ವಿಮಾನ ನೆಲದ ಮೇಲೆ ನಿಂತರೆ ನಷ್ಟ. ಸಿಬ್ಬಂದಿ ಹೊರಗೆ ತಂಗಿದರೆ ಹೋಟೆಲ್, ಕ್ಯಾಬ್, ಭತ್ಯೆ ಎಲ್ಲ ಖರ್ಚು. ಹಾಗಾಗಿ ಹೋದ ವಿಮಾನದಲ್ಲೇ ವಾಪಸ್ ಬರುವಂತೆ ಡ್ಯೂಟಿ ಹಾಕೋದು. ಬೆಳಿಗ್ಗೆ ಹೊರಟವರು ಮಧ್ಯಾಹ್ನ ಮನೆಗೆ, ರಾತ್ರಿ ಹೊರಟವರು ಬೆಳಗಿನ ಜಾವ ಮನೆಗೆ. ಕಾಗದದ ಮೇಲೆ ಇದು ಪೈಲಟ್‌ಗೂ ಒಳ್ಳೆಯದೇ, ಸ್ವಂತ ಮನೆ, ಸ್ವಂತ ಹಾಸಿಗೆ. ಆದರೆ ಬಳ್ಳಾರಿಯಲ್ಲಿ ವಿನ್ಸೆಂಟ್‌ಗೆ ಸಿಕ್ಕ ಆ ರಾತ್ರಿ ಇಲ್ಲಿ ಕಾಣೆಯಾಯ್ತು.

ಮಂಗಳೂರು, 2010 ಮೇ 22

ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬೆಳಿಗ್ಗೆ ಆರು ಗಂಟೆ ಸುಮಾರಿಗೆ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯಲ್ಲಿ ತಡವಾಗಿ ನೆಲ ಮುಟ್ಟಿ, ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಜನ ಹೋದರು, 8 ಜನ ಬದುಕಿದರು. ಸತ್ತವರಲ್ಲಿ ಕರಾವಳಿಯ, ಕಾಸರಗೋಡಿನ ಕುಟುಂಬಗಳೇ ಹೆಚ್ಚು, ಗಲ್ಫ್‌ನಲ್ಲಿ ದುಡಿದು ರಜೆಗೆ, ಮದುವೆಗೆ ಬರ್ತಿದ್ದವರು. ನಮ್ಮ ಹಾಗೇ ಊರಿಗೆ ಬರ್ತಿದ್ದವರು.

ಅದೇ ಸಿಬ್ಬಂದಿ ಹಿಂದಿನ ರಾತ್ರಿ ಮಂಗಳೂರಿನಿಂದ ಹೊರಟು ದುಬೈಗೆ ಹೋಗಿ, ಅಲ್ಲಿ ಇಳಿದು ತಂಗದೆ ವಾಪಸ್ ಹೊರಟಿದ್ದರು. ದುಬೈ ಬಿಟ್ಟಾಗ ನಮ್ಮ ಸಮಯ ಬೆಳಗಿನ ಜಾವ ಎರಡೂವರೆ. ತನಿಖಾ ವರದಿ ಹೇಳೋದು ಏನಂದರೆ, ಕಾಕ್‌ಪಿಟ್ ಧ್ವನಿಮುದ್ರಣದ ಎರಡು ಗಂಟೆ ಐದು ನಿಮಿಷದಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಗೊರಕೆ ಸದ್ದು ರೆಕಾರ್ಡ್ ಆಗಿತ್ತು. ಎದ್ದು ಸ್ವಲ್ಪ ಹೊತ್ತಿಗೇ ಇಳಿಸಬೇಕಾಯ್ತು. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಮತ್ತೆ ಮೇಲೇರೋಣ ಅಂತ ಕೋ-ಪೈಲಟ್ ಮೂರು ಸಲ ಹೇಳಿದರು. ಕ್ಯಾಪ್ಟನ್ ಇಳಿಸೋದನ್ನ ಮುಂದುವರಿಸಿದರು.

ಅಪಘಾತಕ್ಕೆ ನೇರ ಕಾರಣ ಆ ತೀರ್ಮಾನ, ಅದನ್ನ ವರದಿ ಸ್ಪಷ್ಟವಾಗಿ ಹೇಳಿದೆ. ಜೊತೆಗೆ ಇನ್ನೊಂದನ್ನೂ ಹೇಳಿದೆ: ಗಾಢ ನಿದ್ದೆಯಿಂದ ಎದ್ದ ಮೇಲೆ ತಲೆ ಪೂರ್ತಿ ತಿಳಿಯಾಗದ ಸ್ಥಿತಿ, ಅದೂ ದೇಹ ಅತಿ ಹೆಚ್ಚು ನಿದ್ದೆ ಬೇಡೋ ಬೆಳಗಿನ ಜಾವದಲ್ಲಿ, ಅವರ ಬುದ್ಧಿಯನ್ನ ಮಂಕಾಗಿಸಿರಬಹುದು. ಮಧ್ಯಾಹ್ನ ಎರಡು ಗಂಟೆ ಹೊಡೆದು ಮಲಗಿ ಎದ್ದಾಗ ಇದು ಬೆಳಗೋ ಸಂಜೆಯೋ ಅಂತ ಗೊತ್ತಾಗಲ್ಲ ನೋಡಿ, ಆ ಸ್ಥಿತಿ. ನಾಸಾದವರು ಇದನ್ನೇ ಪರೀಕ್ಷೆ ಮಾಡಿದ್ದರು. ದೂರದ ಹಾರಾಟದಲ್ಲಿ ಪೈಲಟ್‌ಗೆ ಲೆಕ್ಕ ಹಾಕಿ ನಲವತ್ತು ನಿಮಿಷ ಕೊಟ್ಟರೆ ಸರಾಸರಿ 26 ನಿಮಿಷ ನಿದ್ದೆ ಮಾಡ್ತಾರೆ, ಎದ್ದ ಮೇಲೆ ಚುರುಕಾಗಿರ್ತಾರೆ. ಸಣ್ಣ ಕೋಳಿ ನಿದ್ದೆ ಒಳ್ಳೆಯದು, ಹೇಳದೆ ಕೇಳದೆ ಬರೋ ಉದ್ದನೆಯ ನಿದ್ದೆ ಅಪಾಯ.

ಇಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಅಧ್ಯಾಯ ಇದೆ. ನಮ್ಮ ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ, 2007ರ ಜುಲೈನಲ್ಲಿ ಪೈಲಟ್‌ಗಳ ವಿಶ್ರಾಂತಿಗೆ ಹೊಸ ನಿಯಮ ತಂದಿತ್ತು. ಏರ್‌ಲೈನ್‌ಗಳು ಒಪ್ಪಲಿಲ್ಲ. 2008ರ ಮೇ ತಿಂಗಳಲ್ಲಿ ಅದನ್ನ ತಡೆಹಿಡಿದು, 1992ರ ಹಳೆಯ ಸುತ್ತೋಲೆಯನ್ನೇ ಮತ್ತೆ ಜಾರಿಗೆ ತಂದರು. ಪೈಲಟ್‌ಗಳು ಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು, ಗೆಲ್ಲಲಿಲ್ಲ. ಮಂಗಳೂರಿನ ಅಪಘಾತ ಆದಾಗ ಇದ್ದದ್ದು 1992ರ ನಿಯಮ. ಹೊಸ ನಿಯಮ ಇದ್ದಿದ್ದರೆ ಅಪಘಾತ ಆಗುತ್ತಿರಲಿಲ್ಲ ಅಂತ ನಾನು ಹೇಳಲ್ಲ, ಹಾಗೆ ಹೇಳೋಕೆ ಆಧಾರ ಇಲ್ಲ. ಆದರೆ ದಿನಾಂಕಗಳನ್ನ ಸಾಲಾಗಿ ಇಟ್ಟು ನೋಡಿ. 2007 ಹೊಸ ನಿಯಮ, 2008 ತಡೆ, 2010 ಮಂಗಳೂರು, 2011ರ ಆಗಸ್ಟ್‌ನಲ್ಲಿ ಮತ್ತೆ ಹೊಸ ನಿಯಮ.

ಡ್ಯೂಟಿಯೂ ಅಲ್ಲ, ವಿಶ್ರಾಂತಿಯೂ ಅಲ್ಲ

ಇನ್ನು ಕ್ಯಾಬಿನ ವಿಷಯ. 2009ರ ಫೆಬ್ರವರಿಯಲ್ಲಿ ಅಮೆರಿಕದ ಬಫಲೋ ಹತ್ತಿರ ಕೋಲ್ಗನ್ ಏರ್‌ನ ಸಣ್ಣ ವಿಮಾನ ಬಿದ್ದು 50 ಜನ ಸತ್ತರು. ಆ ವಿಮಾನದ ಕೋ-ಪೈಲಟ್ ಮನೆ ಇದ್ದದ್ದು ಸಿಯಾಟಲ್ ಕಡೆ, ಡ್ಯೂಟಿ ಶುರುವಾಗೋದು ನ್ಯೂಯಾರ್ಕ್ ಪಕ್ಕದ ನ್ಯೂವಾರ್ಕ್‌ನಲ್ಲಿ. ಅಂದರೆ ದೇಶದ ಒಂದು ತುದಿಯಿಂದ ಇನ್ನೊಂದು ತುದಿ. ಅವರು ಇಡೀ ರಾತ್ರಿ ಸರಕು ವಿಮಾನಗಳಲ್ಲಿ ಕೂತು ಬಂದಿದ್ದರು. ಕ್ಯಾಪ್ಟನ್ ಹಿಂದಿನ ರಾತ್ರಿ ಏರ್‌ಪೋರ್ಟಿನ ಸಿಬ್ಬಂದಿ ಕೊಠಡಿಯಲ್ಲಿ ಕಳೆದಿದ್ದರು. ಆ ಸಂಬಳದಲ್ಲಿ ನ್ಯೂವಾರ್ಕ್‌ನಲ್ಲಿ ಮನೆ ಮಾಡೋದು ಹೇಗೆ ಅನ್ನೋ ಪ್ರಶ್ನೆ ಅಲ್ಲಿನ ವಿಚಾರಣೆಯಲ್ಲೇ ಬಂತು. ಲೆಕ್ಕದ ಪುಸ್ತಕದಲ್ಲಿ ಇಬ್ಬರಿಗೂ ವಿಶ್ರಾಂತಿ ಸಿಕ್ಕಿತ್ತು. ದೇಹಕ್ಕೆ ಸಿಕ್ಕಿರಲಿಲ್ಲ. ಇದಾದ ಮೇಲೆ ಅಮೆರಿಕದಲ್ಲಿ 2014ರ ಜನವರಿಯಿಂದ ಹೊಸ ನಿಯಮ ಜಾರಿಗೆ ಬಂತು: ಡ್ಯೂಟಿಗೆ ಮುಂಚೆ ಕನಿಷ್ಠ 10 ಗಂಟೆ ಬಿಡುವು, ಅದರಲ್ಲಿ 8 ಗಂಟೆ ಅಡ್ಡಿಯಿಲ್ಲದೆ ಮಲಗೋ ಅವಕಾಶ.

ನಮ್ಮಲ್ಲಿ ಕನಿಷ್ಠ ವಿಶ್ರಾಂತಿ 12 ಗಂಟೆ, ಅಥವಾ ಹಿಂದಿನ ಡ್ಯೂಟಿ ಎಷ್ಟಿತ್ತೋ ಅಷ್ಟು, ಯಾವುದು ಜಾಸ್ತಿಯೋ ಅದು. ಹೋಟೆಲ್‌ಗೂ ಏರ್‌ಪೋರ್ಟಿಗೂ ನಡುವಿನ ಪ್ರಯಾಣ ಡ್ಯೂಟಿಗೂ ಸೇರಲ್ಲ, ವಿಶ್ರಾಂತಿಗೂ ಸೇರಲ್ಲ ಅಂತ ನಿಯಮದಲ್ಲೇ ಇದೆ. ಆ ಸಮಯ ಬಿಟ್ಟು ವಿಶ್ರಾಂತಿ ಲೆಕ್ಕ ಹಾಕೋ ಜವಾಬ್ದಾರಿ ಏರ್‌ಲೈನ್‌ದು. ಇದು ಎಷ್ಟು ಮುಖ್ಯ ಅಂತ 2008ರ ಮೇಲೆ ಗೊತ್ತಾಯ್ತು. ಆ ವರ್ಷವೇ ಬೆಂಗಳೂರಿನ ವಿಮಾನಗಳು ಎಚ್.ಎ.ಎಲ್.ನಿಂದ ದೇವನಹಳ್ಳಿಗೆ ಹೋದವು, ಹೈದರಾಬಾದಿನವು ಬೇಗಂಪೇಟೆಯಿಂದ ಶಂಷಾಬಾದಿಗೆ ಹೋದವು. ಊರೊಳಗಿನ ಏರ್‌ಪೋರ್ಟ್ ಊರಾಚೆ ಹೋಯ್ತು. ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಕಳೆಯೋ ಒಂದೂವರೆ ಗಂಟೆ ಕೆಲಸವಾ, ವಿಶ್ರಾಂತಿಯಾ? ನಮ್ಮ ಎಚ್ಆರ್‌ಗೆ ಕೇಳಿದರೂ ಉತ್ತರ ಸಿಗಲ್ಲ. ಪೈಲಟ್ ವಿಷಯದಲ್ಲಿ ಮಾತ್ರ ಉತ್ತರ ಇರಲೇಬೇಕು.

ಇದಕ್ಕೇ ಸೇರಿದ ಇನ್ನೊಂದು ವಿಷಯ. ಯೂನಿಫಾರ್ಮ್ ಹಾಕಿಕೊಂಡು ನಮ್ಮ ಪಕ್ಕದ ಸೀಟಿನಲ್ಲಿ ಪೈಲಟ್ ಕೂತಿರೋದನ್ನ ನೋಡಿರ್ತೀರಿ. ಬಿಟ್ಟಿ ಪ್ರಯಾಣ ಅಂತ ಅಂದುಕೊಳ್ಳಬೇಡಿ. ಅವರನ್ನ ಕಂಪನಿ ಬೇರೆ ಊರಿನಿಂದ ವಿಮಾನ ಹಾರಿಸೋಕೆ ಕಳಿಸ್ತಾ ಇರುತ್ತೆ, ಅಥವಾ ಹಾರಿಸಿ ಮುಗಿಸಿದವರನ್ನ ವಾಪಸ್ ಕರೆಸ್ತಾ ಇರುತ್ತೆ. ಆ ಕೂತ ಸಮಯ ಡ್ಯೂಟಿ ಲೆಕ್ಕಕ್ಕೇ ಸೇರುತ್ತೆ.

ಮತ್ತೆ ಅದೇ ಸಾಲು

ಈಗ ಇತ್ತೀಚಿನ ಮಾತು. 2024ರ ಜನವರಿಯಲ್ಲಿ ಡಿಜಿಸಿಎ ಮತ್ತೆ ನಿಯಮ ಬಿಗಿ ಮಾಡಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ. ರಾತ್ರಿ ಅಂದರೆ ನಡುರಾತ್ರಿಯಿಂದ ಬೆಳಿಗ್ಗೆ ಐದಲ್ಲ, ಆರರ ತನಕ. ರಾತ್ರಿ ಡ್ಯೂಟಿಯಲ್ಲಿ ಆರು ಲ್ಯಾಂಡಿಂಗ್ ಬದಲು ಎರಡೇ. ಜೂನ್ 1ರಿಂದ ಜಾರಿ ಅಂದರು. ಏರ್‌ಲೈನ್‌ಗಳು ಕಷ್ಟ ಅಂದವು, ಮುಂದೂಡಿಕೆ ಆಯ್ತು. ವಿಷಯ ದಿಲ್ಲಿ ಹೈಕೋರ್ಟಿನಲ್ಲಿ ಬಂದು, 2025ರ ಜುಲೈ 1 ಮತ್ತು ನವೆಂಬರ್ 1, ಎರಡು ಕಂತಿನಲ್ಲಿ ಜಾರಿಗೆ ಬಂತು.

ಡಿಸೆಂಬರ್ ಮೊದಲ ವಾರ ಏನಾಯ್ತು ಅಂತ ನಿಮಗೆ ಗೊತ್ತು. ದೇಶದ ಅತಿ ದೊಡ್ಡ ಏರ್‌ಲೈನ್ ಇಂಡಿಗೋ ಸಾವಿರಾರು ಹಾರಾಟ ರದ್ದು ಮಾಡಿತು. ಮದುವೆ ತಪ್ಪಿದವರು, ಇಂಟರ್‌ವ್ಯೂ ತಪ್ಪಿದವರು, ಏರ್‌ಪೋರ್ಟ್ ನೆಲದ ಮೇಲೆ ರಾತ್ರಿ ಕಳೆದವರು. ಸರಕಾರ ಅವರಿಗೆ ರಾತ್ರಿ ಡ್ಯೂಟಿ ನಿಯಮದಿಂದ ತಾತ್ಕಾಲಿಕ ವಿನಾಯಿತಿ ಕೊಟ್ಟಿತು. ಆಗ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡಿತು: 'ಪೈಲಟ್‌ಗಳಿಗೆ ಜಾಸ್ತಿ ರೆಸ್ಟ್ ಕೊಟ್ಟಿದ್ದಕ್ಕೇ ಇಷ್ಟೆಲ್ಲ ಆಯ್ತು.'

ಈ ಮಾತನ್ನ ನಾನು ಒಪ್ಪಲ್ಲ. ನಿಯಮ ಬರೋದು ಎರಡು ವರ್ಷ ಮುಂಚೆಯೇ ಗೊತ್ತಿತ್ತು. ಪ್ರಾಜೆಕ್ಟಿನ ಡೆಡ್‌ಲೈನ್ ಎರಡು ವರ್ಷ ಮುಂಚೆ ಹೇಳಿ, ಮುಂದೂಡಿ, ಕೊನೇ ವಾರದಲ್ಲಿ ಜನ ಸಾಲದು ಅಂದರೆ ನಾವು ಡೆಡ್‌ಲೈನಿಗೆ ಬೈತೀವಾ, ಪ್ಲಾನಿಂಗಿಗೆ ಬೈತೀವಾ? ರದ್ದಾದ ಫ್ಲೈಟ್ ಕಣ್ಣಿಗೆ ಕಾಣುತ್ತೆ, ಅದರ ಕೋಪವೂ ನ್ಯಾಯವಾದದ್ದೇ. ಚೆನ್ನಾಗಿ ಮಲಗಿ ಎದ್ದು ಬಂದ ಪೈಲಟ್‌ನಿಂದಾಗಿ ಆಗದೇ ಹೋದ ಅಪಘಾತ ಮಾತ್ರ ಯಾವ ಸುದ್ದಿಯಲ್ಲೂ ಬರಲ್ಲ.

1932ರಲ್ಲಿ ಕತ್ತಲೆ ಪೈಲಟ್‌ನನ್ನ ಮಲಗಿಸುತ್ತಿತ್ತು. ಈಗ ಆ ಕೆಲಸವನ್ನ ಒಂದು ನಿಯಮ ಮಾಡಬೇಕು, ಆ ನಿಯಮವನ್ನ ಸರಕಾರ ಕಾಯಬೇಕು, ಅದರ ಖರ್ಚನ್ನ ಟಿಕೆಟಿನಲ್ಲಿ ನಾವು ಸ್ವಲ್ಪ ಹೊರಬೇಕು. ಮುಂದಿನ ಸಲ ಟಿಕೆಟ್ ಬೆಲೆ ಇನ್ನೂರು ರೂಪಾಯಿ ಜಾಸ್ತಿ ಇದ್ದರೆ ಬೈಯೋಣ, ಅದು ನಮ್ಮ ಹಕ್ಕು. 'ಪೈಲಟ್ ಡ್ಯೂಟಿ ಸಮಯ ಮುಗೀತು, ಬೇರೆಯವರು ಬರಬೇಕು' ಅಂತ ಘೋಷಣೆ ಆಗಿ ಒಂದು ಗಂಟೆ ಗೇಟ್‌ನಲ್ಲಿ ಕಾಯಬೇಕಾದರೆ ಮಾತ್ರ ಬಜ್ಪೆಯ ಆ ಬೆಳಗನ್ನ ಒಂದು ಸಲ ನೆನಪು ಮಾಡಿಕೊಳ್ಳಿ, ಪಕ್ಕದಲ್ಲಿ ಕೂಗಾಡ್ತಿರೋ ಸಹಪ್ರಯಾಣಿಕರಿಗೂ ಹೇಳಿ.

ನಿಮ್ಮ ಮನೆಯಲ್ಲಿ, ಪರಿಚಯದಲ್ಲಿ ಪೈಲಟ್, ಕ್ಯಾಬಿನ್ ಸಿಬ್ಬಂದಿ, ವಿಮಾನದ ಅಡುಗೆಮನೆಯಲ್ಲಿ ಕೆಲಸ ಮಾಡೋರು ಇದ್ದರೆ ಅವರ ಅನುಭವ ನಮಗೆ ಬರೆದು ಕಳಿಸಿ. ಮುಂದಿನ ಮಾತಿನಲ್ಲಿ ಸಿಗೋಣ.